ಬಸ್ಸು ನೋಡಿ ಕೊಟ್ಟ ವಿಷಯಗಳು

ನಾ ನಿವೃತ್ತಿ ಆದಮ್ಯಾಲೆ ನನ್ನ ಕುರ್ಚಿಗೆ ಬಂದ ಹುಡುಗಿ ಹೋದ ವಾರ ಫೋನ್ ಮಾಡಿದ್ದಳು. ಜಮಖಂಡಿಯ ನಮ್ಮ ಕಾಲೇಜಿನ ಆಫೀಸಿನಾಗ ಬಿ.ಎ. ಪ್ರವೇಶದ ಟೇಬಲ್ಲಿಗೆ ಹೊಸದಾಗಿ ಸೇರ್ಯಾಳ. "ಸರ, ಮೇಜರ್-ಮೈನರ್ ಹೋತಂತ್ರಿ. ಮತ್ತ ಮೊದಲಿನಂಗ ಮೂರು ವಿಷಯ ಬಂದಾವು. ನೀವು ಮಾಡಿದ್ದ ಹಳೆ ಚಾರ್ಟ್ ಎಲ್ಲಿ ಐತ್ರಿ? ಸ್ಟಾಫಿನವರೆಲ್ಲಾ ಅದನ್ನ ಹುಡುಕು ಅನ್ನಾಕತ್ತಾರ."

ಚಾರ್ಟ್ ನನ್ನ ಮನಿಯಾಗ ಟ್ರಂಕಿನಾಗ ಐತಿ. ಕೊಡಂಗಿಲ್ಲ ಅಂದೆ. ಪಾಪ, ಗಾಬರಿ ಆದಳು. "ನಾ ಏನರ ತಪ್ಪು ಮಾತಾಡಿದೆನೇನ್ರಿ?" ಅಂದಳು. ಇಲ್ಲ ತಂಗಿ, ಫೋನಿನ್ಯಾಗ ಹೇಳಿ ಮುಗಿಯೋ ಮಾತಲ್ಲ, ಬರದು ಕಳಸ್ತೇನಿ ಅಂದೆ. ಅದಕ್ಕ ಕುಂತು ಬರಿಯಾಕತ್ತೇನಿ. ಆಕಿ ಒಬ್ಬಾಕಿಗೆ ಅಲ್ಲ, ಕಾಲೇಜು ಆಫೀಸಿನ ಖಿಡಕಿ ಹಿಂದ ಕುಂಡ್ರೋ ಎಲ್ಲಾ ಹುಡುಗರಿಗೂ ಇದು ಇರಲಿ.

ನಾ ನೌಕರಿಗೆ ಸೇರಿದಾಗ ಆಫೀಸಿನಾಗ ಬಿರಾದಾರ ಸಾಹೇಬ್ರು ಸೂಪರಿಂಟೆಂಡೆಂಟ್ ಇದ್ದರು. ಬಿಳಿ ಟೋಪಿ, ಬಾಯಿತುಂಬ ಎಲಿಅಡಿಕಿ, ಸಿಟ್ಟು ಮೂಗಿನ ಮ್ಯಾಲೆ. ಮೊದಲನೇ ದಿನ ಪ್ರವೇಶದ ಅರ್ಜಿ ನನ್ನ ಮುಂದ ಒಗದು ಹೇಳಿದರು: "ನೋಡಪಾ, ಬಿ.ಎ. ಅಂದ್ರ ಮೂರು ಐಚ್ಛಿಕ ವಿಷಯ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಒಂದು ಗುಂಪು. ಕನ್ನಡ, ಇತಿಹಾಸ, ಸಮಾಜಶಾಸ್ತ್ರ ಇನ್ನೊಂದು. ಹಿಂಗ ಆರೇಳು ಗುಂಪು ಅದಾವು. ಯಾವ ಗುಂಪು ಅಂತ ಹುಡುಗರಿಗೆ ಕೇಳಬ್ಯಾಡ. ಅವಕ್ಕ ಏನು ತಿಳೀತೈತಿ? ಸಹಿ ತಗೋ, ಖಾನೆ ನೀನ ತುಂಬು."

ನಾ ಹಂಗ ಮಾಡಿದೆ. ಎಲ್ಲಾ ಕಾಲೇಜಿನ ಆಫೀಸಿನಾಗೂ ಹಂಗ ನಡೀತಿತ್ತು. ಹುಡುಗರು ಖಾಲಿ ಅರ್ಜಿಗೆ ಸಹಿ ಮಾಡಿ ಖಿಡಕಿಯೊಳಗ ತೂರಸ್ತಿದ್ದರು, ನಾವು ಒಳಗ ಕುಂತು ವಿಷಯ ಬರೀತಿದ್ದಿವಿ. ಯಾವ ಗುಂಪಿನಾಗ ಸೀಟು ಖಾಲಿ ಅದಾವೋ ಅದು.

ಮೊದಲನೇ ವರ್ಷನ ಒಂದು ಘಟನೆ ಆತು. ತೇರದಾಳದ ಒಂದು ಹುಡುಗಿ, ಭಾಳ ಶಾಣ್ಯಾಕಿ, ದೀಪಾವಳಿ ಆದಮ್ಯಾಲೆ ಕಾಲೇಜಿಗೆ ಬರೋದ ಬಿಟ್ಟಳು. ಅವರಪ್ಪ ಟಿ.ಸಿ. ಕೇಳಾಕ ಬಂದಾಗ ಯಾಕ್ರಿ ಅಂದೆ. "ಕಡೀ ಪಿರಿಯಡ್ ಮುಗಿಸಿ ಬರೂದರಾಗ ಬಸ್ಸು ಹೋಗಿರತೈತ್ರಿ. ಮುಂದಿನ ಬಸ್ಸಿಗೆ ಬಂದ್ರ ಕತ್ತಲ ಆಗತೈತಿ. ಮನಿಯಾಗ ಹೆಣ್ಣಮಕ್ಕಳು ಒಪ್ಪವಲ್ಲರು," ಅಂದ. ಟಿ.ಸಿ. ಬರದು ಕೊಟ್ಟೆ. ಆಕಿಗೆ ಕಡೀ ಪಿರಿಯಡ್ಡಿನ ವಿಷಯ ಕೊಟ್ಟಾಂವ ನಾನ ಅಂತ ಆಮ್ಯಾಲೆ ಅರ್ಜಿ ತಗದು ನೋಡಿದಾಗ ಗೊತ್ತಾತು. ಎರಡು ದಿನ ಊಟ ರುಚಿ ಹತ್ತಲಿಲ್ಲ.

ಮರುವರ್ಷ ಪ್ರವೇಶ ಸುರು ಆಗೂಕಿಂತ ಮೊದಲ ಬಸ್ ಸ್ಟ್ಯಾಂಡಿಗೆ ಹೋಗಿ ಕುಂತೆ. ತೇರದಾಳ, ರಬಕವಿ, ಬನಹಟ್ಟಿ, ಮುಧೋಳ, ಬೀಳಗಿ, ಗಲಗಲಿ ಎಲ್ಲಾ ಬಸ್ಸಿನ ಹೊತ್ತು ಬರಕೊಂಡೆ. ಹಳೆ ಕ್ಯಾಲೆಂಡರಿನ ಬೆನ್ನಿಗೆ ಒಂದು ಕಡೆ ಕಾಲೇಜಿನ ವೇಳಾಪತ್ರಿಕೆ, ಇನ್ನೊಂದು ಕಡೆ ಬಸ್ಸಿನ ವೇಳೆ. ತೇರದಾಳದವರಿಗೆ ಮುಂಜಾನೆ ಮುಗಿಯೋ ಗುಂಪು. ಮುಧೋಳದ ಬಸ್ಸು ತಡಾ ಬರತಿತ್ತು, ಅವರಿಗೆ ಮೊದಲನೇ ಪಿರಿಯಡ್ ಇಲ್ಲದ ಗುಂಪು. ಹಿಂಗ ಊರಿಗೊಂದು ಗುಂಪು ಗಂಟು ಹಾಕಿದೆ. ಬಿರಾದಾರ ಸಾಹೇಬ್ರು ಕ್ಯಾಲೆಂಡರ್ ತಿರಿವಿ ಮುರಿವಿ ನೋಡಿ, "ಮಗನ, ನಿನಗ ತೆಲಿ ಐತಿ," ಅಂದರು. ಇಡೀ ನೌಕರಿಯೊಳಗ ಅವರು ನನ್ನ ಹೊಗಳಿದ್ದು ಅದೊಂದ ಸಲ.

ಆ ದಿನಗಳನ್ನ ನೆನಸಿದರ ಈಗೂ ಎದಿ ತುಂಬಿ ಬರತೈತಿ. ಪ್ರತಿ ವರ್ಷ ಬಸ್ ಸ್ಟ್ಯಾಂಡಿಗೆ ಹೋದ ಕೂಡಲೆ ಕಂಟ್ರೋಲರ್ "ಬಂದ್ರಪಾ ಬಿ.ಎ. ಸಾಹೇಬ್ರು!" ಅಂತ ಚಹಾ ತರಸ್ತಿದ್ದ. ಒಂದು ವರ್ಷ ನಡುವ ಬನಹಟ್ಟಿ ಬಸ್ಸಿನ ಹೊತ್ತು ಬದಲಿ ಮಾಡಿಬಿಟ್ಟರು. ನನ್ನ ಚಾರ್ಟ್ ಎಲ್ಲಾ ಉಲ್ಟಾ ಆಗಿ, ಸಮಾಜಶಾಸ್ತ್ರದ ಕ್ಲಾಸಿನಾಗ ಬೆಂಚು ಅಷ್ಟ ಉಳಿದ್ವು. ಸಮಾಜಶಾಸ್ತ್ರದ ಸರ್ ಆಫೀಸಿಗೆ ಬಂದು, "ನನ್ನ ಸಮಾಜ ಎಲ್ಲಿ ಹೋತೋ?" ಅಂತ ನನಗ ಬೈದರು. ಡಿಪೋಕ್ಕ ಹೋಗಿ ಮ್ಯಾನೇಜರ್‌ಗೆ ಕೈಮುಗದು ಹೊತ್ತು ಮೊದಲಿನಂಗ ಮಾಡಿಸಿಕೊಂಡು ಬಂದೆ.

ಇನ್ನೊಮ್ಮೆ ಬೀರಪ್ಪ ಅನ್ನೋ ಹುಡುಗ. ಕುರಿ ಕಾಯೋ ಮನೆತನ, ಬೀರೇಶ್ವರನ ಭಕ್ತರು. ಕುರಿ ಹಿಂಡಿನ ಕೂಡ ಹೊರಗ ಹೋಗಿದ್ದ, ಪ್ರವೇಶ ಮುಗದು ಹದಿನೈದು ದಿನದ ಮ್ಯಾಲೆ ಹೆಗಲಮ್ಯಾಲೆ ಕಂಬಳಿ ಹಾಕ್ಕೊಂಡು ಖಿಡಕಿಗೆ ಬಂದ. ಯಾವ ಊರು, ಯಾವ ಬಸ್ಸು ಅಂದೆ. "ಬಸ್ ಯಾಕ್ರಿ, ನಡಕೊಂಡ ಬರತೇನಿ," ಅಂದ. ನನ್ನ ಚಾರ್ಟಿನ್ಯಾಗ ನಡಕೊಂಡು ಬರಾಂವಗ ಖಾನೆನ ಇರಲಿಲ್ಲ! ಪೇಚಿಗೆ ಬಿದ್ದು, "ಹಂಗಾರ ನಿನಗ ಏನು ಬೇಕಪಾ?" ಅಂತ ಕೇಳಿದೆ. ಮೂವತ್ತು ವರ್ಷದಾಗ ನಾ ಆ ಮಾತು ಕೇಳಿದ್ದು ಅಂವನೊಬ್ಬನಿಗೆ ಅಂತ ಕಾಣತೈತಿ. ಅದೂ ಬ್ಯಾರೆ ದಾರಿ ಇಲ್ಲದ್ದಕ್ಕ.

ವರ್ಷಗಳು ಹೋದವು. ಬಿರಾದಾರ ಸಾಹೇಬ್ರು ನಿವೃತ್ತಿ ಆದರು, ಅವರ ಕುರ್ಚಿ ನನಗ ಬಂತು, ಪ್ರವೇಶದ ಖಿಡಕಿ ಮಾತ್ರ ನಾ ಬಿಡಲಿಲ್ಲ. ಸೆಮಿಸ್ಟರ್ ಬಂತು. ಲೆಡ್ಜರ್ ಹೋಗಿ ಪೋರ್ಟಲ್ ಬಂತು. ಆಮ್ಯಾಲೆ ಹೊಸ ನೀತಿ ಅಂತ ಮೇಜರ್-ಮೈನರ್ ಬಂತು. ಮೊದಲ ಎರಡು ವರ್ಷ ಎರಡು ವಿಷಯ ಸಮಾ ಓದಬೇಕು. ಮೂರನೇ ವರ್ಷಕ್ಕ ಒಂದನ್ನ ಮೇಜರ್ ಅಂತ ಹಿಡಿಬೇಕು, ಅದರಾಗ ಪತ್ರಿಕೆ ಹೆಚ್ಚು. ಇನ್ನೊಂದು ಮೈನರ್, ಪತ್ರಿಕೆ ಕಡಿಮಿ. ಮುಂದ ಎಂ.ಎ. ಮಾಡಬೇಕಂದ್ರ ಮೇಜರ್ ಇದ್ದದ್ದರಾಗ ಮಾಡಬೇಕು ಅಂತ ನಮಗ ತಿಳಿಸಿದ್ದರು. ಇದರ ಜೋಡಿ ಮುಕ್ತ ಆಯ್ಕೆ, ಕೌಶಲ್ಯ, ಕ್ರೆಡಿಟ್ಟು. ಸುತ್ತೋಲೆ ಓದಿ ಓದಿ ಪ್ರೊಫೆಸರ್ ಮಂದಿಗೇ ಚಕ್ಕರ್ ಬರತಿತ್ತು. ಮಗಳನ್ನ ಸೇರಸಾಕ ಬಂದ ಒಬ್ಬ ರೈತ ನನ್ನ ವಿವರಣೆ ಪೂರಾ ಕೇಳಿ, "ಎರಡೂ ಹೊಲ ಎರಡು ವರ್ಷ ಹರಗಿಸಿ, ಮೂರನೇ ವರ್ಷ ಒಂದರಾಗ ಅಷ್ಟ ಚಂದಂಗ ಬಿತ್ತು ಅಂತೀರಲ್ರಿ?" ಅಂದ. ಅಷ್ಟು ಸರಳ ಯಾವ ಸುತ್ತೋಲೆಯೂ ಹೇಳಿರಲಿಲ್ಲ.

ನಾ ಏನು ಮಾಡಿದೆ? ಹಳೆ ಚಾರ್ಟ್ ತಗದೆ. ಹೊಸ ವೇಳಾಪತ್ರಿಕೆ ನೋಡಿದೆ. ಕನ್ನಡ ಮೇಜರಿನ ಕ್ಲಾಸು ಮಧ್ಯಾಹ್ನದ ಮ್ಯಾಲೆ, ಇತಿಹಾಸ ಮೇಜರಿನವು ಮುಂಜಾನೆ. ಮೂರು ಗಂಟೆ ರಬಕವಿ ಬಸ್ಸಿಗೆ ಹೋಗೋ, ಕನ್ನಡ-ಇತಿಹಾಸ ಓದೋ ಏಳು ಹುಡುಗ್ಯಾರಿಗೂ ಒಂದ ಹೊಡತಕ್ಕ ಇತಿಹಾಸ ಮೇಜರ್ ಅಂತ ಪೋರ್ಟಲ್ಲಿಗೆ ಏರಿಸಿದೆ. ಸಹಿ ಮಾಡಿದ ಖಾಲಿ ಅರ್ಜಿ ನನ್ನ ಹಂತ್ಯಾಕ ಇದ್ದವು. ಛಲೋ ಕೆಲಸ ಮಾಡಿದೆ ಅಂತ ಮನಿಗೆ ಹೋಗಿ ಆರಾಮ ಊಟ ಮಾಡಿದೆ. ನಿವೃತ್ತಿಗೆ ಆರು ತಿಂಗಳು ಉಳಿದಿದ್ದವು.

ಐದನೇ ಸೆಮಿಸ್ಟರಿನ ಪರೀಕ್ಷಾ ಅರ್ಜಿ ಬಂದವು. ಒಂದು ಮುಂಜಾನೆ ಖಿಡಕಿಗೆ ಒಂದು ಹುಡುಗಿ ಬಂತು. ಹೆಸರು ಬನಶಂಕರಿ, ರಬಕವಿಯ ನೇಕಾರರ ಮನಿಯ ಮಗಳು. ಅರ್ಜಿ ಮುಂದ ಹಿಡದು, "ಸರ, ಇದು ನಂದಲ್ಲರಿ," ಅಂದಳು.

"ಹೆಸರು ನಿಂದ ಐತಲ್ಲವಾ?"

"ಹೆಸರು ನಂದ್ರಿ. ವಿಷಯ ನಂದಲ್ಲ. ಇತಿಹಾಸ ಮೇಜರ್ ಅಂತ ಬಂದೈತಿ. ನಾ ಕನ್ನಡದಾಕಿರಿ. ಮೂರು ತಿಂಗಳಿಂದ ಕನ್ನಡ ಮೇಜರ್ ಕ್ಲಾಸಿನಾಗ ಕುಂಡ್ರಾಕತ್ತೇನಿ."

ಖರೆ ಹೇಳ್ತೇನಿ, ಬಾಯಿಗೆ ಮೊದಲು ಬಂದದ್ದು ಸುಳ್ಳು. "ಪೋರ್ಟಲ್ ತಪ್ಪು ಮಾಡೇತಿ ತಂಗಿ, ಸರ್ವರ್ ಸಮಸ್ಯೆ," ಅಂದೆ. ಆಗ ನಾವೆಲ್ಲಾ ಹಂಗ ಅಂತಿದ್ದಿವಿ. ಏನಾದರೂ ಸರ್ವರ್ ತೆಲಿಗೆ ಕಟ್ಟೋದು, ಅದೇನು ತಿರುಗಿ ಮಾತಾಡಂಗಿಲ್ಲ.

ಕನ್ನಡದ ಪಾಟೀಲ ಮೇಡಂ ಹತ್ರ ಹೋದೆ. ಹಾಜರಿ ಪುಸ್ತಕ ತಗದು ತೋರಿಸಿದರು. ಪೋರ್ಟಲ್ಲಿನಿಂದ ಬಂದ ಅಚ್ಚಾದ ಯಾದಿಯ ಕೆಳಗ ಪೆನ್ನಿಲೆ "ಬನಶಂಕರಿ" ಅಂತ ಬರದು, ದಿನಾ ಹಾಜರಿ ಹಾಕಿದ್ದರು. "ಯಾದಿಯೊಳಗ ಹೆಸರು ಬಿಡೋದು ನಿಮಗ ರೂಢಿ ಅಲ್ಲೇನ್ರಿ? ಹಂಗ ಬಿಟ್ಟೀರಿ ಅನಕೊಂಡೆ," ಅಂದರು. ಆಮ್ಯಾಲೆ ಹೇಳಿದರು: "ಆ ಹುಡುಗಿ ಅಂತಾಕಿನ್ನ ಇಷ್ಟು ವರ್ಷದಾಗ ನಾ ಒಬ್ಬಾಕಿನ್ನೂ ಕಂಡಿಲ್ಲ. ಅವರಜ್ಜಿ ಮಗ್ಗದ ಕಂಡಿಕಿ ಸುತ್ತಕೋತ ಹಾಡ್ತಾಳಂತ, ಮುದುಕಿ. ನೂಲು ಸುತ್ತಿದಷ್ಟು ಹೊತ್ತು ಹಾಡು. ಈಕಿ ಬಾಜೂಕ ಕುಂತು ಎಲ್ಲಾ ಬರಕೊಂಡಾಳ. ಮೂರು ನೋಟ್‌ಬುಕ್ ತುಂಬ್ಯಾವು. ಕನ್ನಡ ಎಂ.ಎ. ಮಾಡಿ ಆ ಹಾಡಿನ ಮ್ಯಾಲೆ ಕೆಲಸಾ ಮಾಡಬೇಕಂತ ಐತಿ ಆಕಿಗೆ. ಮುದುಕಿಗೆ ವಯಸ್ಸಾಗೇತಿ, ದಿನಾ ಒಂದಷ್ಟು ಮರಿಯಾಕತ್ತಾಳ."

ಪ್ರಿನ್ಸಿಪಾಲರ ಖೋಲಿಗೆ ಹೋದೆ. ಒಳ್ಳೆ ಮನಷ್ಯಾ, ಅಂಜುಬುರುಕ. "ನಿಮ್ಮ ನಿವೃತ್ತಿ ಹತ್ರ ಬಂತು. ತಪ್ಪು ನಿಮ್ಮದು ಅಂತ ಬರದ್ರ ಮೆಮೊ ಬರತೈತಿ, ಪೆನ್ಶನ್ ಕಾಗದಪತ್ರ ನಿಂತುಬಿಡತಾವು. ದಿನಾ ಮಾಡೂದ ಮಾಡ್ರಿ. ಆಕಿ ಕಡಿಂದ ಕಣ್ತಪ್ಪಿನ ಪತ್ರ ತಗೋರಿ," ಅಂದರು.

ಕಣ್ತಪ್ಪಿನ ಪತ್ರ ಅಂದ್ರ ಏನು ಅಂತ ಹೊಸಬರಿಗೆ ಹೇಳಬೇಕು. ಆಫೀಸಿನಾಗ ಏನ ತಪ್ಪಾಗಲಿ, ಜನ್ಮ ತಾರೀಖು ಇರಲಿ, ವಿಷಯ ಇರಲಿ, "ನನ್ನ ಕಣ್ತಪ್ಪಿನಿಂದ ಹೀಗಾಗಿದ್ದು, ದಯವಿಟ್ಟು ಕ್ಷಮಿಸಬೇಕು" ಅಂತ ಹುಡುಗರ ಸಹಿ ತಗೊಳ್ಳೋದು. ನನ್ನ ಡ್ರಾವರಿನಾಗ ಅಂಥ ಪತ್ರದ ಪ್ರತಿ ಒಂದು ದಿಂಡು ಇದ್ದವು, ಹೆಸರು ತುಂಬೋದಷ್ಟ ಬಾಕಿ. ಮಾಡಿದಾಂವ ನಾನು, ಕ್ಷಮಾ ಕೇಳಾಂವ ಹುಡುಗ. ಮೂವತ್ತು ವರ್ಷ ಇದರಾಗ ಏನೂ ಅನ್ಯಾಯ ಕಂಡಿರಲಿಲ್ಲ ನನಗ.

ಈ ಸಲ ಇನ್ನೊಂದು ಗೊತ್ತಿತ್ತು. ವಿದ್ಯಾರ್ಥಿ ತಾನ ಮಾಡಿದ ಆಯ್ಕೆ ಬದಲಿ ಮಾಡಂಗಿಲ್ಲ, ಆಫೀಸಿನ ತಪ್ಪಾಗಿದ್ದರ ಅಷ್ಟ ತಿದ್ದತಾರ ಅಂತ ಸುತ್ತೋಲೆ ನನ್ನ ಟೇಬಲ್ಲಿನ ಗಾಜಿನ ಕೆಳಗ ಇತ್ತು. ಅಂದ್ರ ಆಕಿ ಸಹಿ ಮಾಡಿದರ ನಾ ಉಳೀತಿದ್ದೆ, ಆಕಿಯ ಕನ್ನಡ ಹೋಗತಿತ್ತು. ಇಷ್ಟು ಗೊತ್ತಿದ್ದೂ ಪತ್ರ ತಗದು ಆಕಿ ಹೆಸರು ತುಂಬಿದೆ. ಬರಿಯಾಕ ನಾಚಿಕಿ ಆಗತೈತಿ, ಆದರ ಖರೆ ಬರೀದಿದ್ರ ಇದನ್ನ ಯಾಕ ಬರಿಬೇಕು?

ಬನಶಂಕರಿ ಬಂದಳು. ಪತ್ರ ಮುಂದ ಇಟ್ಟು, ಸಹಿ ಮಾಡೋ ಜಾಗಾ ಬೊಟ್ಟಿನಿಂದ ತೋರಿಸಿದೆ. ಪೆನ್ನು ತಗೊಂಡಳು. ಆಮ್ಯಾಲೆ ಪೆನ್ನು ಹಂಗ ಹಿಡಕೊಂಡು ಪತ್ರ ಓದಿದಳು. ಸಾವಕಾಶ, ಮೊದಲನೇ ಸಾಲಿನಿಂದ ಕಡೀ ಸಾಲಿನ ತನಕ.

"ಸರ, ಇದರಾಗ ನಾ ತಪ್ಪು ಮಾಡೇನಿ ಅಂತ ಐತ್ರಿ."

"ಅದು ಬರೇ ನಿಯಮ ತಂಗಿ. ಎಲ್ಲಾರೂ ಮಾಡ್ತಾರ."

ಪೆನ್ನು ಟೇಬಲ್ಲಿನ ಮ್ಯಾಲೆ ಇಟ್ಟಳು. "ಇದಕ್ಕ ಸಹಿ ಮಾಡಿದರ ನನಗ ಕನ್ನಡ ಸಿಗತೈತೇನ್ರಿ ಸರ? ಸಿಗತೈತಿ ಅಂದ್ರ ಮಾಡತೇನಿ. ತಪ್ಪು ನಂದ ಅಂತ ಇರಲಿ, ಏನಾಗಂಗಿಲ್ಲ."

ಹೌದು ಅಂದಿದ್ದರ ಸಹಿ ಮಾಡಿ ಹೋಗತಿದ್ದಳು. ಅಷ್ಟು ನಂಬಿಗಿ ಆ ಕಣ್ಣಾಗ. ನನ್ನ ಮಗಳ ವಯಸ್ಸಿನಾಕಿ ಮುಂದ ಕುಂತು ನನ್ನ ತಪ್ಪು ತಾ ಹೊರತೇನಿ ಅನ್ನಾಕತ್ತಾಳ, ನಾ ಪೆನ್ನಿನ ಟೊಪ್ಪಿಗಿ ತಿರುವಾಕತ್ತೇನಿ. ಪತ್ರ ಆಕಿ ಕೈಯಿಂದ ಕಸಗೊಂಡು ಹರದು ಹಾಕಿದೆ.

"ಸಿಗಂಗಿಲ್ಲವಾ," ಅಂದೆ. "ತಪ್ಪು ನಂದು. ಸರ್ವರ್‌ದಲ್ಲ, ನಿಂದಲ್ಲ. ನಿನಗ ಮೂರು ಗಂಟೆ ಬಸ್ಸು ತಪ್ಪಬಾರದಂತ ನಾನ ಇತಿಹಾಸ ಹಾಕಿದೆ."

ಆಕಿ ಸಿಟ್ಟಾಗಲಿಲ್ಲ. "ನಾ ಐದರ ಬಸ್ಸಿಗೆ ಹೋಗ್ತೇನ್ರಿ ಸರ. ನಿಂತ ಹೋಗ್ತೇನಿ. ಅಪ್ಪಗ ಹೇಳಿ ಒಪ್ಪಿಸೇನಿ," ಅಂದಳು. ಆಮ್ಯಾಲೆ, "ನನಗ ಒಂದ ಮಾತು ಕೇಳಬೇಕಿತ್ತರಿ," ಅಂದಳು. ಅಷ್ಟ.

ಮರುದಿನ ನನ್ನ ಕೈಲೆ ಪತ್ರ ಬರದೆ. "ಅಧೀಕ್ಷಕನಾದ ನನ್ನ ತಪ್ಪಿನಿಂದ" ಅಂತ. ಪ್ರಿನ್ಸಿಪಾಲರು ಎರಡು ಸಲ ಓದಿ, ತೆಲಿ ಅಲ್ಲಾಡಿಸಿ ಸಹಿ ಹಾಕಿದರು. ಅರ್ಜಿ ಕಟ್ಟಾಕ ಎರಡು ದಿನ ಉಳಿದಿದ್ದವು. ಹಾಜರಿ ಪುಸ್ತಕ ಚೀಲದಾಗ ಹಾಕ್ಕೊಂಡು ಯುನಿವರ್ಸಿಟಿಗೆ ಹೋದೆ.

ಅಲ್ಲಿ ಖಿಡಕಿಯ ಹೊರಗ ನಿಂತೆ. ಜೀವನದಾಗ ಮೊದಲನೇ ಸಲ. ಒಳಗ ಕುಂತಾಂವ ಎಳೆ ವಯಸ್ಸಿನಾಂವ, ಮುಖ ಎತ್ತಿ ನೋಡಲಿಲ್ಲ. "ವಿದ್ಯಾರ್ಥಿಯ ಕಣ್ತಪ್ಪಿನ ಪತ್ರ ಎಲ್ಲಿ?" ಅಂದ. ಇಲ್ಲಪಾ, ನನ್ನದು ಐತಿ ಅಂದೆ. ಆಗ ಮುಖ ಎತ್ತಿದ. "ಹಿರ್ಯಾರ, ಇಂಥಾದ್ದು ಯಾರೂ ಬರದು ತರಂಗಿಲ್ಲರಿ. ಕುಂಡ್ರರಿ," ಅಂತ ಒಳಗ ಕರಕೊಂಡು ಹೋದ. ದೊಡ್ಡ ಸಾಹೇಬ್ರು ಕಾಗದ ನೋಡಿ, ಹುಡುಗಿ ಖರೇನ ಕನ್ನಡ ಓದ್ಯಾಳ ಅನ್ನಾಕ ಏನು ಆಧಾರ ಅಂದರು. ಹಾಜರಿ ಪುಸ್ತಕ ಬಿಚ್ಚಿದೆ. ಹಾಳಿ ಹಾಳಿ ತಿರುವಿ, ಪೆನ್ನಿಲೆ ಬರದ ಆ ಹೆಸರಿನ ಮುಂದ ಬೊಟ್ಟಾಡಿಸಿ ನೋಡಿದರು. ಒಂದ ದಿನನೂ ತಪ್ಪಿಸಿರಲಿಲ್ಲ ಆಕಿ. ಸಂಜಿ ನಾಕಕ್ಕ ಪೋರ್ಟಲ್ ತಗಿಸಿ ಕನ್ನಡ ಮೇಜರ್ ಮಾಡಿಸಿಕೊಟ್ಟರು. ನನಗ ಒಂದು ಮೆಮೊ ಕೈಯಾಗ ಕೊಟ್ಟರು. ಅದನ್ನ ಮಡಚಿ ಕಿಸೆಯಾಗ ಇಟಗೊಂಡು ಬರುವಾಗ ಬಸ್ಸಿನ್ಯಾಗ ನಾ ಒಬ್ಬನ ನಗಾಕತ್ತಿದ್ದೆ.

ಹೊಸ ಅರ್ಜಿ ಬನಶಂಕರಿ ಕೈಯಾಗ ಕೊಟ್ಟೆ. ಮೇಜರ್ ಕನ್ನಡ ಅಂತ ನೋಡಿ ಅಳಾಕತ್ತಳು, ನನ್ನ ಕಣ್ಣೂ ಒದ್ದಿ ಆದವು. ಹೋಗೂ ಮುಂದ ಖಿಡಕಿಗೆ ತಿರುಗಿ ಬಂದು, "ಸರ, ನಮ್ಮ ಬಸ್ಸಿನ ಇನ್ನ ಆರು ಮಂದಿಗೂ ಇತಿಹಾಸ ಬಂದೈತಿ. ಅವರನ್ನ ಕೇಳಿದ್ರೇನ್ರಿ?" ಅಂದಳು.

ಕೇಳಿರಲಿಲ್ಲ. ಮರುದಿನ ಮುಂಜಾನೆ ಇತಿಹಾಸದ ಕ್ಲಾಸಿಗೆ ಹೋಗಿ ಕೇಳಿದೆ. ಆರೂ ಮಂದಿ ಎದ್ದು ನಿಂತು, "ನಡೀತೈತ್ರಿ ಸರ," ಅಂದರು. ಇಬ್ಬರ ಮುಖ ನೋಡಿದರ ನಡಿಯಂಗಿಲ್ಲ ಅಂತ ಗೊತ್ತಾಗತಿತ್ತು. ಆದರ ಅವರು ಬ್ಯಾರೆ ಕ್ಲಾಸಿನಾಗ ಕುಂತಿರಲಿಲ್ಲ, ಅವರ ಹೆಸರು ಪೆನ್ನಿಲೆ ಯಾರೂ ಬರದಿರಲಿಲ್ಲ. ಕೊಟ್ಟದ್ದನ್ನ ಓದಿದ್ದರು. ತೋರಸಾಕ ನನ್ನ ಹತ್ರ ಏನೂ ಇರಲಿಲ್ಲ.

ಬನಶಂಕರಿ ಈಗ ಎಂ.ಎ. ಎರಡನೇ ವರ್ಷ. ಅವರಜ್ಜಿಯ ಹಾಡು ಐದನೇ ನೋಟ್‌ಬುಕ್ಕಿಗೆ ಬಂದಾವಂತ. ಹಬ್ಬಕ್ಕ ಫೋನ್ ಮಾಡತಾಳ. ಆಕಿ ದಂಡಿಗೆ ಹತ್ತಿದಳು, ನನಗ ಸಂತೋಷ ಐತಿ. ಅಷ್ಟಕ್ಕ ಮುಗಿದಿದ್ದರ ನಾ ಚಾರ್ಟ್ ಹೊಸ ಹುಡುಗಿಗೆ ಕೊಟ್ಟುಬಿಡತಿದ್ದೆನೋ ಏನೋ.

ಹೋದ ತಿಂಗಳು ಬೀಳಗಿಗೆ ಮದಿವಿಗೆ ಹೊಂಟಿದ್ದೆ. ಬಸ್ಸಿನ್ಯಾಗ ಒಬ್ಬ ಹೆಣ್ಣಮಗಳು ಎದ್ದು ತನ್ನ ಸೀಟು ಕೊಟ್ಟಳು. ನಾಕು ಮಂದಿ ಕೇಳೂವಂಗ, "ನಮ್ಮ ಸರ್ ಇವರು. ಇವರು ಬಸ್ಸು ನೋಡಿ ವಿಷಯ ಕೊಟ್ಟಿದ್ದಕ್ಕ ನನ್ನ ಡಿಗ್ರಿ ಆತು, ಇಲ್ಲಂದ್ರ ಮನಿಯಾಗ ಕಳಸತಿದ್ದಿಲ್ಲ," ಅಂದಳು. ಗಲಗಲಿಯಾಕಿ. ಇಪ್ಪತ್ತು ವರ್ಷದ ಮ್ಯಾಲೆ ಆಗಿರಬೇಕು, ನನಗ ಗುರುತು ಸಿಗಲಿಲ್ಲ. ಅಂಗನವಾಡಿಯೊಳಗ ಕೆಲಸ ಮಾಡತಾಳಂತ. ಖರೇನ ಋಣ ಅನಕೊಂಡು ಮಾತಾಡಾಕತ್ತಿದ್ದಳು, ಕಪಟ ಇರಲಿಲ್ಲ. ಮೊದಲಿನ ನಾನಾಗಿದ್ದರ ಮೀಸಿ ತಿರುವಿ ಕುಂಡ್ರತಿದ್ದೆ.

"ಆಗ ನಿನಗ ಯಾವ ವಿಷಯ ಬೇಕಾಗಿತ್ತವಾ?" ಅಂತ ಕೇಳಿದೆ.

ಮರತಿರತಾಳ ಅನಕೊಂಡಿದ್ದೆ. ನಗತಾಳ, ಈಗ್ಯಾಕ ಬಿಡ್ರಿ ಸರ ಅಂತಾಳ ಅನಕೊಂಡಿದ್ದೆ.

"ಭೂಗೋಳ ರೀ ಸರ," ಅಂದಳು. ನನ್ನ ಮಾತು ಮುಗಿಯೂದಕ್ಕ ತಡಾ ಇರಲಿಲ್ಲ. "ಅದರ ಪ್ರಾಕ್ಟಿಕಲ್ ಸಂಜಿ ಐದರ ತನಕ ಇರತಿತ್ತಲ್ರಿ."